ತೂಕ ಹೇಳುವ ಮುನ್ನ ಅಡುಗೆ ಹೇಳಿ: ಮಾಂಸದಂಗಡಿಯ ಕಸುಬನ್ನು ಅರಿತು ಕೊಳ್ಳುವ ಬಗೆ

ಮಾಂಸದಂಗಡಿಯ ಮುಂದೆ ನಿಂತು "ಒಂದು ಕೆಜಿ ಕೊಡಿ" ಎಂದರೆ ಅಂಗಡಿಯವರಿಗೆ ತೂಕವೊಂದು ಗೊತ್ತಾಗುತ್ತದೆ, ಬೇರೇನೂ ಗೊತ್ತಾಗುವುದಿಲ್ಲ. ನೀವು ಅದನ್ನು ಹುರಿಯುತ್ತೀರೋ, ಕುಕ್ಕರಿಗೆ ಹಾಕುತ್ತೀರೋ, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸುತ್ತೀರೋ ಅವರು ಊಹಿಸಲಾರರು. ಒಂದಿಷ್ಟು ತೊಡೆ, ಒಂದಿಷ್ಟು ಬೆನ್ನು, ಎರಡು ತುಂಡು ಕುತ್ತಿಗೆ ಸೇರಿಸಿ ಎಲ್ಲವನ್ನೂ ಒಂದೇ ಗಾತ್ರಕ್ಕೆ ಕತ್ತರಿಸಿ ಕೊಡುತ್ತಾರೆ. ಮನೆಯಲ್ಲಿ ಅದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಬೆನ್ನಿನ ತುಂಡು ಬೇಗ ಬೆಂದು ಆಮೇಲೆ ನಾರುನಾರಾಗಿ ಒಣಗುತ್ತದೆ, ಅದೇ ಹೊತ್ತಿಗೆ ಕುತ್ತಿಗೆಯ ತುಂಡು ಹಲ್ಲಿಗೆ ಸಿಕ್ಕಿ ಜಗ್ಗುತ್ತಿರುತ್ತದೆ. "ಈ ಸಲ ಮಾಂಸ ಚೆನ್ನಾಗಿರಲಿಲ್ಲ" ಎಂದು ಮಾತು ಮುಗಿಯುತ್ತದೆ. ಮಾಂಸ ಚೆನ್ನಾಗಿಯೇ ಇತ್ತು. ಎದುರಿಗೆ ನಿಂತಿದ್ದವರ ಕೈಯಲ್ಲಿ ವರ್ಷಗಟ್ಟಲೆಯ ಪಳಗಿಕೆಯೂ ಇತ್ತು. ಅದನ್ನು ನಾವು ಕೇಳಿ ಪಡೆಯಲಿಲ್ಲ.

ಈ ಬರಹ ಅದನ್ನು ಕೇಳಿ ಪಡೆಯುವ ದಾರಿಯನ್ನು ಹೇಳುತ್ತದೆ. ಮುಖ್ಯವಾಗಿ ಕುರಿ, ಮೇಕೆಯ ಲೆಕ್ಕದಲ್ಲಿ ಬರೆದಿದ್ದೇವೆ, ನಡುವೆ ಕೋಳಿಯೂ ಬರುತ್ತದೆ. ನಾಲ್ಕು ಕಾಲಿನ ಪ್ರಾಣಿಗಳ ಅಂಗರಚನೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೇರೆ ಮಾಂಸಕ್ಕೂ ಇದೇ ತಿಳಿವಳಿಕೆ ಸಲ್ಲುತ್ತದೆ.

ಕೊರಡಿನ ಮೇಲೆ ನಡೆಯುವುದೇನು

ಕನ್ನಡದಲ್ಲಿ ಕಟುಕ ಎಂಬ ಮಾತನ್ನು ಕರುಣೆಯಿಲ್ಲದವನಿಗೆ ಬೈಗುಳವಾಗಿ ಬಳಸುವುದು ರೂಢಿ. ಪಳಗಿದ ಕೈಯೊಂದು ತೊಡೆಯ ಕೀಲು ಬಿಡಿಸುವುದನ್ನು ಹತ್ತಿರದಿಂದ ಒಮ್ಮೆ ನೋಡಿದರೆ ಆ ಬೈಗುಳ ನಾಲಿಗೆಗೆ ಬರುವುದು ಕಷ್ಟ. ಅಲ್ಲಿ ಬಲಪ್ರಯೋಗ ಕಾಣುವುದೇ ಅಪರೂಪ.

ತೊಡೆ ಸೊಂಟಕ್ಕೆ ಸೇರುವ ಕಡೆ ಮೂಳೆಯ ಗುಂಡು ತಲೆಯೊಂದು ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ಕಸುಬುದಾರರು ಎಡಗೈಯಲ್ಲಿ ಕಾಲನ್ನು ತುಸು ಅಲುಗಿಸುತ್ತಾರೆ, ಅಲುಗಾಟ ಎಲ್ಲಿ ತಿರುಗುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಚೂರಿಯ ತುದಿ ಅಲ್ಲಿಗೇ ಹೋಗಿ ಗುಂಡಿನ ಸುತ್ತಲಿನ ಪೊರೆಯನ್ನು ಸೀಳುತ್ತದೆ. ಒಳಗೆ ಗುಂಡನ್ನೂ ಬಟ್ಟಲನ್ನೂ ಕಟ್ಟಿಹಾಕಿದ ಗಿಡ್ಡ ಹುರಿಯಂಥ ನಾರು ಒಂದಿದೆ. ಅದು ಕಡಿದ ಕ್ಷಣ ಗುಂಡು ಟಕ್ಕೆಂದು ಹೊರಬರುತ್ತದೆ. ಉಳಿದಿದ್ದು ಬರೀ ಮಾಂಸ, ಎರಡು ಎಳೆತಕ್ಕೆ ತೊಡೆ ಬೇರೆಯಾಗುತ್ತದೆ. ಮೂಳೆಗೆ ಒಂದು ಪೆಟ್ಟೂ ಬೀಳಲಿಲ್ಲ, ಒಂದು ಚೂರೂ ಸಿಡಿಯಲಿಲ್ಲ. ಕೀಲು ಸಿಗದವರು ಅದೇ ಜಾಗದಲ್ಲಿ ಮಚ್ಚಿನಿಂದ ನಾಲ್ಕು ಸಲ ಹೊಡೆಯುತ್ತಾರೆ. ಆ ನಾಲ್ಕು ಹೊಡೆತದ ಚೂರುಗಳೇ ಊಟದ ಹೊತ್ತಿನಲ್ಲಿ ಹಲ್ಲಿಗೆ ಸಿಗುವುದು.

ಮಚ್ಚಿನ ಕೆಲಸವೂ ಹಾಗೆಯೇ. ಮೂಳೆ ಸಮೇತ ತುಂಡು ಮಾಡುವಾಗ ಒಂದೇ ಪೆಟ್ಟಿಗೆ ಮೂಳೆ ಕಡಿಯಬೇಕು. ಎರಡನೆಯ ಪೆಟ್ಟು ಮೊದಲನೆಯ ಗೆರೆಯ ಮೇಲೆಯೇ ಬೀಳುವುದು ಅಪರೂಪ, ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ನಡುವಿನ ಮೂಳೆ ಪುಡಿಯಾಗಿ ಮಾಂಸಕ್ಕೆ ಸೇರುತ್ತದೆ. ಹೊಡೆತ ಕೆಳಗೆ ಬರುವುದು ಮಚ್ಚಿನ ಭಾರದಿಂದ, ದಾರಿ ತೋರಿಸುವುದಷ್ಟೇ ಮಣಿಕಟ್ಟಿನ ಕೆಲಸ. ದಪ್ಪ ಮೂಳೆಗೆ ಕೈಗರಗಸ ಬಳಸುವ ಅಂಗಡಿಗಳಿವೆ. ಅದರಲ್ಲಿ ಚೂರು ಬೀಳುವುದಿಲ್ಲ, ಆದರೆ ಕೊಯ್ದ ಮುಖಕ್ಕೆ ಮೂಳೆಹುಡಿ ಅಂಟಿರುತ್ತದೆ. ಮನೆಗೆ ತಂದು ಒದ್ದೆ ಬಟ್ಟೆಯಿಂದ ಆ ಮುಖವನ್ನು ಒರೆಸಿಕೊಳ್ಳಿ.

ಚೂರಿಯ ವಿಷಯಕ್ಕೆ ಬಂದರೆ, ಮೂಳೆ ಬಿಡಿಸುವ ಚೂರಿ ಚಿಕ್ಕದು, ಅಲಗು 13ರಿಂದ 15 ಸೆಂಟಿಮೀಟರ್ ಉದ್ದ, ಅಗಲ ಕಡಿಮೆ. ಕೆಲಸದ ನಡುವೆ ಆಗಾಗ ಅದನ್ನು ಉಕ್ಕಿನ ಸಲಾಕೆಗೆ ಎರಡು ಮೂರು ಸಲ ಸವರುವುದನ್ನು ನೋಡಿರುತ್ತೀರಿ. ಅದು ಸಾಣೆ ಹಿಡಿಯುವುದಲ್ಲ. ಕೊಯ್ಯುತ್ತಾ ಕೊಯ್ಯುತ್ತಾ ಕೂದಲೆಳೆಯಷ್ಟು ತೆಳುವಾದ ಅಲಗಿನ ಅಂಚು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಸಲಾಕೆ ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಕಲ್ಲಿನ ಮೇಲೆ ಸಾಣೆ ಹಿಡಿಯುವುದು ಬೇರೆ ಕೆಲಸ, ಅದರಲ್ಲಿ ಲೋಹ ಸವೆದು ಹೊಸ ಅಂಚು ಹುಟ್ಟುತ್ತದೆ. ಮೊಂಡು ಚೂರಿಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದಕ್ಕೆ ಒತ್ತಡ ಬೇಕು, ಒತ್ತಿದ ಚೂರಿ ಜಾರುತ್ತದೆ.

ಇನ್ನು ನಮ್ಮ ಕಣ್ಣಿಗೆ ಬೀಳದೆ ನಡೆಯುವ ಎರಡು ಕೆಲಸಗಳಿವೆ. ಒಂದು, ಮಾಂಸಖಂಡದ ಮೇಲಿನ ಬೆಳ್ಳಿಯಂತೆ ಹೊಳೆಯುವ ಗಟ್ಟಿ ಪೊರೆ ತೆಗೆಯುವುದು. ಅದರಲ್ಲಿ ಎಲಾಸ್ಟಿನ್ ಎಂಬ ನಾರು ಇರುತ್ತದೆ, ಎಷ್ಟು ಬೇಯಿಸಿದರೂ ಅದು ಕರಗುವುದಿಲ್ಲ. ಕುತ್ತಿಗೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಹೋಗುವ ಹಳದಿ ಪಟ್ಟಿಯಂಥ ನಾರೂ ಅದೇ ಜಾತಿಯದು. ಇನ್ನೊಂದು, ಗ್ರಂಥಿ ತೆಗೆಯುವುದು. ಹಿಂದಿನ ತೊಡೆಯ ಖಂಡಗಳ ನಡುವೆ ಮತ್ತು ಮುಂಗಾಲಿನ ಹೆಗಲ ಬಳಿ, ಕೊಬ್ಬಿನೊಳಗೆ ಹುದುಗಿದ ಬೂದು ಕಂದು ಬಣ್ಣದ ಗಂಟು ಇರುತ್ತದೆ. ಬಿಟ್ಟರೆ ಸಾರಿಗೆ ಒಂದು ಬಗೆಯ ವಾಸನೆ ಹಿಡಿಯುತ್ತದೆ. ಮೂಳೆ ಸಮೇತ ಇಡೀ ತೊಡೆ ಕೊಳ್ಳುವವರು ಇದನ್ನು ತೆಗೆದುಕೊಡಲು ಕೇಳಲೇಬೇಕು. ಖಂಡಗಳು ಕೂಡುವ ಕೊಬ್ಬಿನ ಗೆರೆಯನ್ನು ಬೆರಳಿನಿಂದಲೇ ಬಿಡಿಸಿ ಒಳಗಿನ ಗಂಟನ್ನು ಎತ್ತಿ ತೆಗೆಯಬಹುದು, ಮಾಂಸ ಕೊಯ್ಯಬೇಕಾಗಿಲ್ಲ.

ತೀರಾ ತಾಜಾ ಎಂಬುದರ ತೊಂದರೆ

ಕಣ್ಣ ಮುಂದೆಯೇ ಕಡಿದು ಕೊಟ್ಟದ್ದು ಎಲ್ಲಕ್ಕಿಂತ ಮೃದು ಎಂಬ ನಂಬಿಕೆ ಗಟ್ಟಿಯಾಗಿದೆ. ನಿಜಾಂಶ ಸ್ವಲ್ಪ ಬೇರೆ. ಪ್ರಾಣಿ ಸತ್ತ ಮೇಲೂ ಸ್ನಾಯು ಕೆಲವು ಗಂಟೆ ತನ್ನಲ್ಲಿರುವ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತದೆ. ಆ ಶಕ್ತಿ ಮುಗಿದಾಗ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸೆಟೆಯುತ್ತವೆ. ಆ ಸೆಟೆತದ ನಡುವೆ ಬೇಯಿಸಿದ ಮಾಂಸ ಎಷ್ಟು ಹೊತ್ತಾದರೂ ಒರಟು. ಆಮೇಲೆ ಮಾಂಸದೊಳಗಿನ ಕಿಣ್ವಗಳು ನಿಧಾನವಾಗಿ ಆ ಹಿಡಿತವನ್ನು ಸಡಿಲಿಸುತ್ತವೆ. ಕೋಳಿಗೆ 4ರಿಂದ 6 ಗಂಟೆ ಸಾಕು. ಕುರಿ, ಮೇಕೆಗೆ ತಂಪಿನಲ್ಲಿ ಸುಮಾರು ಒಂದು ದಿನ ಬೇಕು.

ಇಡೀ ಒಡಲನ್ನೇ, ಅಂದರೆ ಚರ್ಮ, ತಲೆ, ಒಳಾಂಗ ತೆಗೆದು ಉಳಿದ ದೇಹವನ್ನು, ತೂಗುಹಾಕಿ ತಣಿಸುವುದಕ್ಕೂ ಕಾರಣವಿದೆ. ಮೂಳೆಗೆ ಅಂಟಿಕೊಂಡಿರುವಾಗ ಸ್ನಾಯು ಕುಗ್ಗಲಾರದು, ಅಸ್ಥಿಪಂಜರವೇ ಅದನ್ನು ಹಿಗ್ಗಿಸಿ ಹಿಡಿದಿರುತ್ತದೆ. ಬಿಸಿಯಾಗಿರುವಾಗಲೇ ಸಣ್ಣ ತುಂಡು ಮಾಡಿದರೆ ಹಿಡಿಯುವವರಿಲ್ಲದೆ ಅದು ಮುದುಡಿಕೊಳ್ಳುತ್ತದೆ. ಸೆಟೆಯುವ ಮೊದಲೇ ಗಡಿಬಿಡಿಯಲ್ಲಿ 10 ಡಿಗ್ರಿಗಿಂತ ಕೆಳಗೆ ತಣ್ಣಗಾಗಿಸಿದರೂ ಹಾಗೆಯೇ. ಇನ್ನೂ ಕೆಟ್ಟದ್ದು, ಈಗಷ್ಟೇ ಕಡಿದ ಬೆಚ್ಚಗಿನ ಮಾಂಸವನ್ನು ನೇರವಾಗಿ ಫ್ರೀಜರಿಗೆ ತುಂಬುವುದು. ಹೊರತೆಗೆದು ಕರಗಿಸುವಾಗ ಬಾಕಿಯಿದ್ದ ಸೆಟೆತವೆಲ್ಲ ಒಮ್ಮೆಗೇ ನಡೆದು, ತುಂಡು ಮುದುಡಿ, ನೀರೆಲ್ಲ ಬಿಟ್ಟು ರಬ್ಬರಿನಂತಾಗುತ್ತದೆ.

ಆದ್ದರಿಂದ ಅಂಗಡಿಯವರನ್ನು "ಯಾವಾಗ ಕಡಿದದ್ದು?" ಎಂದು ಕೇಳಿ. "ನಿನ್ನೆಯದು, ತಂಪಿನಲ್ಲಿಟ್ಟಿದ್ದೆ" ಎಂಬ ಉತ್ತರ ಬಂದರೆ ಮುಖ ಸಿಂಡರಿಸಬೇಡಿ, ಹುರಿಯಲು ಅದೇ ಒಳ್ಳೆಯದು. ಹೀಗೆ ತೂಗುಹಾಕಿದ ಒಡಲು ಒಂದು ದಿನದಲ್ಲಿ ತೇವ ಆರಿ ತೂಕದಲ್ಲಿ ಸುಮಾರು 2 ಶೇಕಡ ಕಳೆದುಕೊಳ್ಳುತ್ತದೆ. ಆ ನಷ್ಟ ಹೊರುವವರು ಅಂಗಡಿಯವರೇ. ಗಿರಾಕಿಗಳು ಬಿಸಿ ಮಾಂಸವನ್ನೇ ಕೇಳಿದರೆ ಯಾರು ತಾನೇ ಆ ನಷ್ಟ ಹೊತ್ತು ಕಾಯುತ್ತಾರೆ? ಈಗಷ್ಟೇ ಕಡಿದದ್ದೇ ಸಿಕ್ಕಿದರೆ ಮನೆಯಲ್ಲಿ ದೊಡ್ಡ ತುಂಡುಗಳಾಗಿಯೇ ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟು, ಮರುದಿನ ನಿಧಾನವಾಗಿ ಬೇಯುವ ಅಡುಗೆಗೆ ಬಳಸಿ.

ಯಾವ ಭಾಗ ಯಾವ ಅಡುಗೆಗೆ

ನೆನಪಿಡಬೇಕಾದ ಸೂತ್ರ ಒಂದೇ: ಪ್ರಾಣಿ ಯಾವ ಸ್ನಾಯುವನ್ನು ಹೆಚ್ಚು ದುಡಿಸಿತ್ತೋ ಅದು ನಿಧಾನ ಬೇಯುತ್ತದೆ, ರುಚಿ ಹೆಚ್ಚು ಕೊಡುತ್ತದೆ. ದುಡಿಯದ ಸ್ನಾಯು ಬೇಗ ಬೇಯುತ್ತದೆ, ಮೃದು, ಆದರೆ ರುಚಿಯಲ್ಲಿ ಸಪ್ಪೆ.

ಕುತ್ತಿಗೆ, ಹೆಗಲು, ಮುಂಗಾಲು, ಮೊಣಕಾಲಿನ ಕೆಳಗಿನ ಭಾಗ, ಎದೆ: ಇವು ದಿನವಿಡೀ ದುಡಿದವು. ಇವುಗಳಲ್ಲಿ ಕೊಲಾಜೆನ್ ಎಂಬ ನಾರು ಹೆಚ್ಚು. ಎಲಾಸ್ಟಿನ್‌ನಂತಲ್ಲದೆ ಇದು ಕರಗುತ್ತದೆ, ಕರಗಿ ಜೆಲಾಟಿನ್ ಆಗಿ ಸಾರಿಗೆ ತುಟಿಗಂಟುವ ಮಂದತೆ ಕೊಡುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಮಾಂಸದ ಒಳಗಿನ ಬಿಸಿ 60ರಿಂದ 65 ಡಿಗ್ರಿ ಮುಟ್ಟಿದಾಗ ಕೊಲಾಜೆನ್ ಮೊದಲು ಕುಗ್ಗುತ್ತದೆ, ಬಟ್ಟೆ ಹಿಂಡಿದಂತೆ ಮಾಂಸದ ರಸವನ್ನು ಹಿಂಡಿ ಹೊರಹಾಕುತ್ತದೆ. 70 ದಾಟಿದ ಮೇಲೆ, ಗಂಟೆಗಳ ಲೆಕ್ಕದಲ್ಲಿ, ಕರಗತೊಡಗುತ್ತದೆ. ಅಡುಗೆ ಕೆಡುವುದು ಈ ಎರಡರ ನಡುವೆ. ಮುಕ್ಕಾಲು ಗಂಟೆ ಬೇಯಿಸಿ, ಒಂದು ತುಂಡು ಬಾಯಿಗೆ ಹಾಕಿ, ಗಟ್ಟಿಯಾಗಿದೆ, ಇನ್ನು ಬೇಯಿಸಿದರೆ ಇನ್ನೂ ಗಟ್ಟಿಯಾದೀತು ಎಂದು ಒಲೆ ಆರಿಸುತ್ತೇವೆ. ಮಾಂಸ ಅತಿ ಗಟ್ಟಿಯಾಗಿರುವ ಹೊತ್ತೇ ಅದು. ಇನ್ನೊಂದು ಗಂಟೆ ಬಿಟ್ಟರೆ ಚಮಚದಲ್ಲಿ ಮುರಿಯುತ್ತದೆ. ತೆರೆದ ಪಾತ್ರೆಯಲ್ಲಿ ಎರಡರಿಂದ ಮೂರು ಗಂಟೆ, ನೀರು ಕೊತಕೊತ ಕುದಿಯದೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ಉರಿ. ಪ್ರೆಶರ್ ಕುಕ್ಕರಿನೊಳಗೆ ಬಿಸಿ 120 ಡಿಗ್ರಿಯವರೆಗೆ ಹೋಗುವುದರಿಂದ, ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ. ವಯಸ್ಸಾದ ಪ್ರಾಣಿಯಾದರೆ 40.

ಬೆನ್ನಿನ ಉದ್ದಕ್ಕೂ ಇರುವ ಮಾಂಸ, ಅಂದರೆ ಚಾಪ್ಸ್, ದುಡಿಯದ ಭಾಗ. ಇದನ್ನು ಜೋರು ಉರಿಯಲ್ಲಿ ಕೆಲವೇ ನಿಮಿಷ ಹುರಿದರೆ ಸಾಕು. ಸಾರಿಗೆ ಹಾಕಿದರೆ ದಂಡ. ಬೆನ್ನೆಲುಬಿನ ಒಳಬದಿಗೆ ಅಂಟಿಕೊಂಡ ಇನ್ನೊಂದು ಸಣ್ಣ ಪಟ್ಟಿ ಇದೆ, ಇಡೀ ಪ್ರಾಣಿಯಲ್ಲಿ ಅದಕ್ಕಿಂತ ಮೃದುವಾದ ತುಂಡಿಲ್ಲ. ಸಾಧಾರಣ ಗಾತ್ರದ ಕುರಿಯಲ್ಲಿ ಎರಡು ಬದಿಯದೂ ಸೇರಿ ಕಾಲು ಕೆಜಿಯೂ ತೂಗುವುದಿಲ್ಲ.

ಹಿಂದಿನ ತೊಡೆ ನಡುವಿನದು. ಎಳೆಯ ಪ್ರಾಣಿಯದಾದರೆ ಹುರಿಯಲೂಬಹುದು, ಬಲಿತದ್ದಾದರೆ ಬೇಯಿಸಬೇಕು. ಮೂಳೆಯಿಲ್ಲದ ತುಂಡು, ಪಟ್ಟಿಗಳಿಗೆ ಇದೇ ಸರಿ. ಪಕ್ಕೆಲುಬಿನ ಮಾಂಸದಲ್ಲಿ ಕೊಬ್ಬಿನ ಪದರ ಇರುವುದರಿಂದ ಒಣಗುವ ಭಯ ಕಡಿಮೆ.

ಎಳೆಯದೋ ಬಲಿತದ್ದೋ ತಿಳಿಯಲು ಮೂಳೆ ನೋಡಿ. ಎಳೆಯ ಪ್ರಾಣಿಯ ಪಕ್ಕೆಲುಬು ಕಿರಿದು, ಕೆಂಪು ಛಾಯೆಯದು. ಬಲಿತದ್ದರ ಮೂಳೆ ಬಿಳಿ, ಅಗಲ, ಗಡಸು. ಕುರಿಮರಿಯ ಮುಂಗಾಲಿನ ಪಾದ ಮುರಿದ ಕಡೆ ಮೂಳೆಯ ತುದಿ ಗರಗಸದ ಹಲ್ಲಿನಂತೆ ತರಿತರಿಯಾಗಿ ಕೆಂಪಗಿರುತ್ತದೆ, ದೊಡ್ಡ ಕುರಿಯಲ್ಲಿ ಆ ಜಾಗ ನುಣುಪಾಗಿ ಬೆಳ್ಳಗಿರುತ್ತದೆ.

ಒಳಾಂಗಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಂಗಡಿಗೆ ನಿಜವಾದ ಆಸರೆ ಸಿಗುವುದು ಇಲ್ಲಿ. ಲಿವರ್ ಕೊಂಡಾಗ ಮೇಲಿನ ತೆಳು ಪೊರೆ ಸುಲಿದು, ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಬಿಸಿ ಬಾಣಲೆಯಲ್ಲಿ ಪ್ರತಿ ಮಗ್ಗುಲಿಗೆ ಎರಡು ಮೂರು ನಿಮಿಷ ಹುರಿದರೆ ಮುಗಿಯಿತು. ನಡುವಿನ ಕೆಂಪು ಮಾಯವಾಗಬೇಕು, ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಒಣಗಿ ಮರಳುಮರಳಾಗುತ್ತದೆ. ಉಪ್ಪು ಕೊನೆಯಲ್ಲಿ. ಇದರಲ್ಲಿ ಎ ಜೀವಸತ್ವ ವಿಪರೀತ ಇರುವುದರಿಂದ ಗರ್ಭಿಣಿಯರು ದೂರವಿಡುವುದು ಒಳ್ಳೆಯದು. ಕಿಡ್ನಿಯನ್ನು ಉದ್ದಕ್ಕೆ ಸೀಳಿ ನಡುವಿನ ಬಿಳಿ ತಿರುಳನ್ನು ಕತ್ತರಿಯಿಂದ ಪೂರ್ತಿ ತೆಗೆಯಿರಿ, ವಾಸನೆಯೆಲ್ಲ ಅಲ್ಲೇ ಇರುವುದು. ಗುಂಡಿಗೆ ಕೊನೆಯುಸಿರಿನವರೆಗೆ ದುಡಿದ ಸ್ನಾಯು, ಒಂದೋ ತೆಳುವಾಗಿ ಕೊಯ್ದು ಒಂದೆರಡು ನಿಮಿಷ ಹುರಿಯಬೇಕು, ಇಲ್ಲವೇ ಗಂಟೆಗಟ್ಟಲೆ ಬೇಯಿಸಬೇಕು. ಬೋಟಿ ಮತ್ತು ಕಾಲುಗಳಿಗೆ ಸಮಯವೇ ಮದ್ದು: ಕಾಲುಗಳನ್ನು ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ ಬಿಟ್ಟರೆ ಸಾರು ತಣಿದ ಮೇಲೆ ಗಟ್ಟಿಯಾಗಿ ಕೂರುವಷ್ಟು ಜೆಲಾಟಿನ್ ಬಿಡುತ್ತವೆ.

ಅಂಗಡಿಯ ಮುಂದೆ, ಹೆಜ್ಜೆ ಹೆಜ್ಜೆಯಾಗಿ

ಮೊದಲು ಅಡುಗೆ ಹೇಳಿ, ಆಮೇಲೆ ಜನ, ಕೊನೆಗೆ ತೂಕ. "ಅಣ್ಣಾ, ಆರು ಜನಕ್ಕೆ ಸಾರು, ನಿಧಾನಕ್ಕೆ ಬೇಯಿಸ್ತೀನಿ, ಮೂಳೆ ಇರಲಿ" ಎಂದರೆ ಎದುರಿಗಿರುವವರ ಕೈ ತಾನಾಗಿ ಹೆಗಲಿನ ಕಡೆ ಹೋಗುತ್ತದೆ. "ನಾಲ್ಕು ಜನಕ್ಕೆ ಹುರಿಯೋದಕ್ಕೆ, ಅರ್ಧ ಗಂಟೆಯಲ್ಲಿ ಆಗಬೇಕು" ಎಂದರೆ ಬೇರೆ ಕಡೆ ಹೋಗುತ್ತದೆ. ಒಬ್ಬರಿಗೆ ಮೂಳೆ ಸಮೇತ 250ರಿಂದ 300 ಗ್ರಾಂ, ಮೂಳೆಯಿಲ್ಲದೆ 150 ಗ್ರಾಂ ಲೆಕ್ಕ ಹಿಡಿಯಿರಿ.

ಗಾತ್ರವನ್ನು ಬೆರಳಲ್ಲಿ ತೋರಿಸಿ. ದೀರ್ಘ ಬೇಯುವ ಅಡುಗೆಗೆ 4ರಿಂದ 5 ಸೆಂಟಿಮೀಟರಿನ ತುಂಡು. ಅದಕ್ಕಿಂತ ಚಿಕ್ಕದಾದರೆ ನಾರು ಕರಗುವ ಹೊತ್ತಿಗೆ ಮಾಂಸ ಎಳೆಎಳೆಯಾಗಿ ಸಾರಿಗೆ ಸೇರಿಹೋಗುತ್ತದೆ. ಹುರಿಯುವ ಪಟ್ಟಿಗೆ ಅರ್ಧ ಸೆಂಟಿಮೀಟರ್ ದಪ್ಪ, ಎಳೆಗಳಿಗೆ ಅಡ್ಡಲಾಗಿ ಕೊಯ್ದದ್ದು. ಎಳೆ ಎಂದರೆ ಮಾಂಸದ ಮೇಲೆ ಕಾಣುವ ಉದ್ದುದ್ದ ಗೆರೆ. ಗೆರೆಯ ಜೊತೆಗೇ ಕೊಯ್ದರೆ ಬಾಯಿಗೆ ಉದ್ದ ದಾರ ಸಿಗುತ್ತದೆ, ಅಡ್ಡ ಕೊಯ್ದರೆ ಆ ದಾರವನ್ನು ಚೂರಿಯೇ ತುಂಡರಿಸಿರುತ್ತದೆ. ನಲ್ಲಿ ಮೂಳೆಯ ಮಜ್ಜೆ ಬೇಕಿದ್ದರೆ ಮುಂಚೆಯೇ ಹೇಳಿ. ಮೂಳೆಯನ್ನು ಅಡ್ಡಲಾಗಿ ಗರಗಸದಲ್ಲಿ ಕೊಯ್ಯಬೇಕು, ಮಚ್ಚಿಗೆ ಅದು ಸೀಳಿ ಮಜ್ಜೆ ಚೂರಿನೊಂದಿಗೆ ಬೆರೆಯುತ್ತದೆ.

ಖೀಮಾ ಬೇಕಾದರೆ ಮಾಡಿಟ್ಟದ್ದನ್ನು ಬಿಟ್ಟು ಎದುರಿಗೇ ಮಾಡಿಸಿ. ಹೆಗಲಿನ ಮಾಂಸ, ನೂರಕ್ಕೆ 15ರಿಂದ 20 ಪಾಲು ಕೊಬ್ಬು, ಎರಡೂ ಚೆನ್ನಾಗಿ ತಣ್ಣಗಿರಬೇಕು. ಬೆಚ್ಚಗಿನ ಕೊಬ್ಬು ಯಂತ್ರದಲ್ಲಿ ಕತ್ತರಿಸದೆ ಮೆತ್ತಿಕೊಳ್ಳುತ್ತದೆ, ಬಾಣಲೆಗೆ ಹಾಕಿದಾಗ ಎಣ್ಣೆಯೆಲ್ಲ ಬೇರೆಯಾಗಿ ಖೀಮಾ ಒಣಗುತ್ತದೆ. ಅದೇ ಯಂತ್ರದಲ್ಲಿ ಮುಂಚೆ ಕೋಳಿ ರುಬ್ಬಿದ್ದರೆ ತೊಳೆದು ಹಾಕಲು ಹೇಳುವುದರಲ್ಲಿ ಸಂಕೋಚ ಬೇಡ.

ಮೂಳೆಯಿಲ್ಲದ ಮಾಂಸಕ್ಕೆ ದರ ಹೆಚ್ಚು ಎಂದು ಚೌಕಾಸಿಗೆ ಇಳಿಯುವ ಮುನ್ನ ಒಂದು ಲೆಕ್ಕ ನೋಡಿ. ಜೀವಂತ ಪ್ರಾಣಿಯ ತೂಕದಲ್ಲಿ ಒಡಲಾಗಿ ಉಳಿಯುವುದು ಸುಮಾರು ಅರ್ಧ, ಹಲವು ಸಲ ಅದಕ್ಕೂ ಕಡಿಮೆ. ಆ ಅರ್ಧದಲ್ಲಿಯೂ ಮೂಳೆ, ಪೊರೆ, ಬೇಡದ ಕೊಬ್ಬು ಕಳೆಯಬೇಕು. ಮೇಲೆ ಬಿಡಿಸುವ ಸಮಯ. ಬಿಡಿಸಿದ ಮೂಳೆಯನ್ನು ಕೇಳಿ ಪಡೆಯಿರಿ, ಅದು ನಿಮ್ಮದೇ. ಮೂಳೆರಸ ಮಾಡಲು ಒಂದು ಕೆಜಿ ಮೂಳೆಗೆ ಎರಡರಿಂದ ಎರಡೂವರೆ ಲೀಟರ್ ತಣ್ಣೀರು, ಬಿಸಿಯಾಗುತ್ತಿದ್ದಂತೆ ಮೇಲೆ ಬರುವ ನೊರೆ ತೆಗೆದು, ಸಣ್ಣ ಉರಿಯಲ್ಲಿ ನಾಲ್ಕರಿಂದ ಆರು ಗಂಟೆ. ಕೋಳಿ ಮೂಳೆಗೆ ಎರಡು ಮೂರು ಗಂಟೆ. ಜೋರಾಗಿ ಕುದಿಸಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆತು ರಸ ಕಲಗಚ್ಚಿನಂತಾಗುತ್ತದೆ.

ಒಳ್ಳೆಯ ಅಂಗಡಿಯನ್ನು ಮೂಗು ಮೊದಲು ಗುರುತಿಸುತ್ತದೆ. ಹಸಿ ಮಾಂಸದ ತಿಳಿ ವಾಸನೆ ಇದ್ದರೆ ಸರಿ, ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ತಿರುಗಿ ಬನ್ನಿ. ಕೋಳಿಗೆ ಬೇರೆ ಕೊರಡು, ಬೇರೆ ಚೂರಿ ಇದೆಯೇ ನೋಡಿ. ಕೊರಡಿನಲ್ಲಿ ಆಳವಾದ ಬಿರುಕು ಇರಬಾರದು, ದಿನವೂ ಕೆರೆದು ಒಣಗಿಸಿದ ಮರದ ಮೇಲ್ಮೈ ತಿಳಿ ಬಣ್ಣದ್ದಾಗಿರುತ್ತದೆ. ಚೂರಿಯನ್ನು ದಿನವಿಡೀ ಒಂದೇ ಚಿಂದಿಗೆ ಒರೆಸುವುದು ಕೆಟ್ಟ ಅಭ್ಯಾಸ. ಕಸಾಯಿಖಾನೆಗಳಲ್ಲಿ ಚೂರಿ ಅದ್ದುವ ನೀರು 82 ಡಿಗ್ರಿ ಇರಬೇಕೆಂಬ ಮಾನದಂಡವಿದೆ. ಅಂಗಡಿಯಲ್ಲಿ ಅಷ್ಟು ಕಾಣದಿದ್ದರೂ ಬಿಸಿನೀರು, ಸೋಪು, ಒಣ ಬಟ್ಟೆ ಇರಲೇಬೇಕು.

ಬಣ್ಣ ನೋಡಿ ಮೋಸಹೋಗುವುದು ಸುಲಭ. ಆಗಷ್ಟೇ ಕೊಯ್ದ ಮುಖ ನೇರಳೆ ಛಾಯೆಯಲ್ಲಿರುತ್ತದೆ, ಗಾಳಿ ತಾಗಿ ಅರ್ಧ ಗಂಟೆಯೊಳಗೆ ಕೆಂಪೇರುತ್ತದೆ, ಮತ್ತಷ್ಟು ಸಮಯಕ್ಕೆ ಕಂದಾಗುತ್ತದೆ. ಮೂರೂ ಮಯೋಗ್ಲೋಬಿನ್ ಎಂಬ ಒಂದೇ ಪದಾರ್ಥದ ಬಣ್ಣಗಳು. ಚೀಲದ ತಳದಲ್ಲಿ ನಿಲ್ಲುವ ಕೆಂಪು ನೀರಿಗೂ ಅದೇ ಕಾರಣ, ಅದು ರಕ್ತವಲ್ಲ. ಹೊರಗೆ ತುಸು ಕಂದಾಗಿದೆ ಎಂಬ ಕಾರಣಕ್ಕೆ ಮಾಂಸ ಕೆಟ್ಟಿಲ್ಲ. ಬೆರಳಿಗೆ ಲೋಳೆ ಅಂಟಿದರೆ, ಒತ್ತಿದ ಗುಳಿ ಹಾಗೇ ಉಳಿದರೆ, ವಾಸನೆ ಬದಲಾಗಿದ್ದರೆ ಕೆಟ್ಟಿದೆ.

ಒಂದು ಕೋಳಿಯನ್ನು ನೀವೇ ಬಿಡಿಸಿ ನೋಡಿ

ಕಸುಬಿನ ಬೆಲೆ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿಲ್ಲ. ಒಂದೂವರೆ ಕೆಜಿಯ ಇಡೀ ಕೋಳಿ, ಚೂಪಾದ ಚಿಕ್ಕ ಚೂರಿ, ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿದ ಮಣೆ. ಕೋಳಿ ತಣ್ಣಗಿದ್ದು ಮೇಲ್ಮೈ ಒಣಗಿರಲಿ, ಒದ್ದೆ ಚರ್ಮ ಜಾರುತ್ತದೆ. ನಲ್ಲಿಯ ಕೆಳಗೆ ತೊಳೆಯಬೇಡಿ, ಸಿಡಿಯುವ ಹನಿಗಳಲ್ಲಿ ರೋಗಾಣು ಅಡುಗೆಮನೆಯೆಲ್ಲ ಹರಡುತ್ತದೆ. ಕಾಗದದಿಂದ ಒತ್ತಿ ಒರೆಸಿದರೆ ಸಾಕು.

ಎದೆ ಮೇಲೆ ಮಾಡಿ ಮಲಗಿಸಿ. ಒಂದು ಕಾಲನ್ನು ಹೊರಕ್ಕೆ ಎಳೆದಾಗ ತೊಡೆಗೂ ಎದೆಗೂ ನಡುವೆ ಚರ್ಮ ಬಿಗಿಯಾಗುತ್ತದೆ, ಆ ಚರ್ಮವನ್ನಷ್ಟೇ ಸೀಳಿ. ಈಗ ಚೂರಿ ಕೆಳಗಿಟ್ಟು ಎರಡೂ ಕೈಯಿಂದ ಕಾಲನ್ನು ಬೆನ್ನಿನ ಕಡೆಗೆ ಮಡಚಿ, ಗುಂಡು ಟಕ್ಕೆಂದು ಮೇಲೆ ಬರುತ್ತದೆ. ಆ ಗುಂಡಿನ ಹಿಂದೆ ಚೂರಿ ಇಟ್ಟು, ಬೆನ್ನೆಲುಬಿಗೆ ಅಂಟಿಕೊಂಡಂತೆ ಎಳೆಯಿರಿ. ಬೆನ್ನಿನ ಗುಳಿಯೊಂದರಲ್ಲಿ ನಾಣ್ಯದಗಲದ ಗುಂಡು ಮಾಂಸ ಕೂತಿರುತ್ತದೆ, ಅದು ತೊಡೆಯ ಜೊತೆ ಬರಬೇಕು. ಇಡೀ ಕೋಳಿಯಲ್ಲಿ ರುಚಿಕರವಾದ ತುತ್ತು ಅದೇ, ಹೆಚ್ಚಿನವರು ಬೆನ್ನಿನಲ್ಲೇ ಬಿಟ್ಟುಬಿಡುತ್ತಾರೆ.

ಬಿಡಿಸಿದ ಕಾಲನ್ನು ಚರ್ಮ ಕೆಳಗಾಗಿ ಇಡಿ. ತೊಡೆ ಮತ್ತು ಕೆಳಗಾಲು ಕೂಡುವಲ್ಲಿ ಕೊಬ್ಬಿನ ತೆಳು ಬಿಳಿ ಗೆರೆ ಕಾಣುತ್ತದೆ. ಕೀಲು ಅದರ ಕೆಳಗೇ ಇದೆ. ಗೆರೆಯ ಮೇಲೆ, ಕೂದಲೆಳೆಯಷ್ಟು ಕೆಳಗಾಲಿನ ಕಡೆಗೆ ಒತ್ತಿ. ಸರಿಯಾದ ಜಾಗವಾದರೆ ಚೂರಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ತಡೆದರೆ ಅದು ಮೂಳೆ. ಒತ್ತಡ ಹೆಚ್ಚಿಸಬೇಡಿ, ಎರಡು ಮಿಲಿಮೀಟರ್ ಸರಿಸಿ ಮತ್ತೆ ನೋಡಿ. ಈ ಇಡೀ ಕಸುಬಿನ ಪಾಠ ಆ ಎರಡು ಮಿಲಿಮೀಟರಿನಲ್ಲಿದೆ.

ರೆಕ್ಕೆಯನ್ನು ತಿರುಗಿಸುತ್ತಾ ಹೆಗಲ ಕೀಲನ್ನು ಬೆರಳಲ್ಲಿ ಹುಡುಕಿ ಹಾಗೆಯೇ ಬಿಡಿಸಿ. ಪಕ್ಕೆಲುಬುಗಳನ್ನು ಕತ್ತರಿಯಿಂದ ಎರಡೂ ಬದಿ ಕತ್ತರಿಸಿ ಬೆನ್ನನ್ನು ಬೇರೆ ಮಾಡಿ. ಎದೆ ಕೊನೆಗೆ. ಕುತ್ತಿಗೆಯ ಕಡೆ ಇಂಗ್ಲಿಷಿನ ವಿ ಆಕಾರದ ತೆಳು ಮೂಳೆ ಇದೆ, ಅದನ್ನು ಮೊದಲು ಕೆರೆದು ತೆಗೆದರೆ ಎದೆಮಾಂಸ ಹರಿಯದೆ ಬರುತ್ತದೆ. ಆಮೇಲೆ ನಡುವಿನ ಎದೆಮೂಳೆಯ ಒಂದು ಮಗ್ಗುಲಿಗೆ ಚೂರಿಯನ್ನು ಆನಿಸಿ, ಮೂಳೆಯನ್ನೇ ದಾರಿ ಮಾಡಿಕೊಂಡು ಉದ್ದುದ್ದ ಎಳೆತದಲ್ಲಿ ಬಿಡಿಸಿ. ಗರಗಸದಂತೆ ಹಿಂದೆಮುಂದೆ ಆಡಿಸಿದರೆ ಮಾಂಸ ಚಿಂದಿಯಾಗುತ್ತದೆ. ಎಂಟು ತುಂಡು ಸಿಗಬೇಕು, ಜೊತೆಗೆ ಬೆನ್ನು, ಕುತ್ತಿಗೆ, ರೆಕ್ಕೆಯ ತುದಿ ಮೂಳೆರಸಕ್ಕೆ.

ಮೊದಲ ಸಲ ಇಪ್ಪತ್ತು ನಿಮಿಷ ಹಿಡಿದರೆ ಬೇಸರ ಬೇಡ. ಮುಂದಿನ ಸಲ ಅಂಗಡಿಯಲ್ಲಿ ಇದೇ ಕೆಲಸ ಕಣ್ಣೆದುರಿಗೆ ಒಂದೆರಡು ನಿಮಿಷದಲ್ಲಿ ಮುಗಿಯುವಾಗ ಎಲ್ಲಿ ನೋಡಬೇಕೆಂದು ನಿಮಗೆ ಗೊತ್ತಿರುತ್ತದೆ. ಚೂರಿ ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಹಿಂದೆ ಸರಿಯಿರಿ.

ಮನೆಗೆ ತಂದ ಮೇಲೆ

ಮಾಂಸವನ್ನು ಎಲ್ಲ ಕೆಲಸ ಮುಗಿಸಿ ಕೊನೆಯಲ್ಲಿ ಕೊಳ್ಳಿ. ಹೊರಗಿನ ಬಿಸಿಯಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ದಿನ ಒಂದು ಗಂಟೆ. ಫ್ರಿಜ್ 4 ಡಿಗ್ರಿ ಅಥವಾ ಕಡಿಮೆ, ಮಾಂಸ ಕೆಳಗಿನ ತಟ್ಟೆಯಲ್ಲಿ. ಕೋಳಿ, ಖೀಮಾ, ಒಳಾಂಗ ಒಂದೆರಡು ದಿನ, ದೊಡ್ಡ ತುಂಡು ಮೂರರಿಂದ ಐದು ದಿನ. ಫ್ರೀಜರಿಗಾದರೆ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಚಪ್ಪಟೆಯಾಗಿ ಕಟ್ಟಿ, ಗಾಳಿ ಹಿಂಡಿ, ದಿನಾಂಕ ಬರೆದು ಮೈನಸ್ 18ರಲ್ಲಿ ಇಡಿ. ಕರಗಿಸುವುದು ಫ್ರಿಜ್ಜಿನೊಳಗೇ, ಹಿಂದಿನ ರಾತ್ರಿ. ಬೇಯಿಸುವಾಗ ಕೋಳಿಯ ಒಳಗೆ 74, ಖೀಮಾಕ್ಕೆ 71, ಇಡೀ ತುಂಡಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಲ್ಲಬೇಕು.

ಅಂಗಡಿ ಉಳಿಯುವುದು ಹೇಗೆ

ಸಣ್ಣ ಅಂಗಡಿಯವರು ಕೊಳ್ಳುವುದು ಇಡೀ ಪ್ರಾಣಿ. ಮಾರಾಟವಾಗುವುದು ಮಾತ್ರ ಬಿಡಿಬಿಡಿಯಾಗಿ. ಒಂದು ಕುರಿಗೆ ಎರಡು ಹಿಂದಿನ ತೊಡೆ, ಅರ್ಧ ಕೆಜಿ ಆಸುಪಾಸಿನ ಒಂದು ಲಿವರ್, ಒಂದೇ ಕುತ್ತಿಗೆ. ಬಂದವರೆಲ್ಲ ತೊಡೆಯನ್ನೇ ಕೇಳಿದರೆ ಹನ್ನೊಂದು ಗಂಟೆಗೆ ತೊಡೆ ಮುಗಿದು, ಸಂಜೆಗೆ ಕುತ್ತಿಗೆ, ಎದೆ, ತಲೆ, ಬೋಟಿ ಉಳಿಯುತ್ತವೆ. ಉಳಿದದ್ದರ ನಷ್ಟ ತೊಡೆಯ ದರಕ್ಕೆ ಸೇರುತ್ತದೆ, ಇಲ್ಲವೇ ಅಂಗಡಿಯನ್ನು ಮುಳುಗಿಸುತ್ತದೆ. ಕಾರ್ಖಾನೆಯಿಂದ ಬರುವ ಪೊಟ್ಟಣಗಳ ಮಳಿಗೆಗೆ ಈ ಚಿಂತೆಯಿಲ್ಲ, ಅವರು ಬೇಕಾದ ಭಾಗವನ್ನಷ್ಟೇ ತರಿಸುತ್ತಾರೆ. ನಿಮ್ಮ ಮೂರು ಖರೀದಿಯಲ್ಲಿ ಒಂದಾದರೂ "ಇವತ್ತು ಏನು ಉಳಿದಿದೆ, ಅದನ್ನು ಹೇಗೆ ಮಾಡೋದು?" ಎಂಬ ಪ್ರಶ್ನೆಯಿಂದ ಶುರುವಾಗಲಿ. ಕುತ್ತಿಗೆ, ಎದೆ ಅನೇಕ ಕಡೆ ಅಗ್ಗವೂ ಹೌದು, ಸಾರಿಗೆ ತೊಡೆಗಿಂತ ಮೇಲೂ ಹೌದು.

ಬಿಡಿಸುವ, ಕಟ್ಟುವ, ತೆಳುವಾಗಿ ಕೊಯ್ಯುವ ಕೆಲಸವಿದ್ದರೆ ಗಿರಾಕಿ ಕಡಿಮೆ ಇರುವ ವಾರದ ನಡುವಿನ ದಿನ ಹೋಗಿ. ಸಾಲು ನಿಂತಿರುವ ಹೊತ್ತಿನಲ್ಲಿ ಪೊರೆ ಸುಲಿದುಕೊಡಿ ಎಂದರೆ ಚೂರಿಗೆ ಅವಸರವಾಗುತ್ತದೆ, ಅವಸರಕ್ಕೆ ಬೆರಳು ಬಲಿಯಾಗುತ್ತದೆ. ದೊಡ್ಡ ಸಮಾರಂಭಕ್ಕೆ ಮೂರು ನಾಲ್ಕು ದಿನ ಮುಂಚೆ ಹೇಳಿ, ಮುಂಗಡ ಕೊಡಿ, ಎಷ್ಟು ಗಂಟೆಗೆ ಬರುತ್ತೀರೆಂದು ಹೇಳಿ ಅದೇ ಗಂಟೆಗೆ ಹೋಗಿ. ಹೇಳಿಟ್ಟು ಬಾರದ ಗಿರಾಕಿ ಅಂಗಡಿಗೆ ಎಂಥ ಹೊಡೆತ ಕೊಡುತ್ತಾರೆ ಎಂಬುದನ್ನು ಕಡಿದಿಟ್ಟ ಮಾಂಸದ ಆಯಸ್ಸು ನೆನೆದರೆ ತಿಳಿಯುತ್ತದೆ. ಸ್ವಂತ ಮುಚ್ಚಳದ ಡಬ್ಬಿ ಒಯ್ಯುವುದಾದರೆ ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿಸಿಕೊಳ್ಳಿ.

ಮತ್ತೆ ಹೋದಾಗ ಅಡುಗೆ ಹೇಗಾಯಿತೆಂದು ಹೇಳಿ. "ಚೆನ್ನಾಗಿತ್ತು" ಎಂಬುದು ಸಂತೋಷ ಕೊಡುತ್ತದೆ, ಆದರೆ "ಹೆಗಲು ಎರಡು ಗಂಟೆಗೆ ಬೆಂತು, ಎದೆಯ ತುಂಡಿನಲ್ಲಿ ಮೂಳೆಚೂರು ಸಿಕ್ಕಿತು, ಮುಂದಿನ ಸಲ ಇನ್ನೊಂದು ಬೆರಳು ದೊಡ್ಡದು ಮಾಡಿ" ಎಂಬ ಮಾತು ಕೊರಡಿನ ಮೇಲೆ ಕೆಲಸಕ್ಕೆ ಬರುತ್ತದೆ.